ಹೊಳೆಯಾಚೆ ಉಳಿದ ತಾಸ್ಯಾ ಅತ್ತೆ

ತೈಸಿಯಾ ರೊಡಿಯೊನೊವ್ನಾ ಅವರನ್ನು ಬೆಲ್‌ಗ್ರೇಡಿನ ನಾವು ರಷ್ಯನ್ನರೆಲ್ಲ ತಾಸ್ಯಾ ಅತ್ತೆ ಎಂದೇ ಕರೆಯುತ್ತಿದ್ದೆವು. ಊರು ರಷ್ಯಾದ ಪೆರ್ಮ್. ಅಲ್ಲಿ ಊರವರ ಕೂದಲು ಕತ್ತರಿಸುತ್ತಲೇ ಅರ್ಧ ಆಯುಷ್ಯ ಕಳೆದವರು. ನಮ್ಮ ದೇಶ ಪಕ್ಕದ ದೇಶದ ಮೇಲೆ ಯುದ್ಧ ಶುರುಮಾಡಿದ ವಸಂತದಲ್ಲಿ, ಹಳೆಯ ಗಿರಾಕಿಯೊಬ್ಬಳ ತಲೆಗೆ ಬಣ್ಣ ಹಚ್ಚುತ್ತ, "ಯಾರ್ಯಾರ ಮಕ್ಕಳೋ ಸಾಯ್ತಿದ್ದಾರೆ, ಇದೆಲ್ಲ ಬೇಕಿತ್ತಾ?" ಎಂದುಬಿಟ್ಟರಂತೆ. ಅಲ್ಲಿ ಅಷ್ಟು ಮಾತೂ ಅಪರಾಧ. ಸ್ವಲ್ಪ ದಿನದಲ್ಲೇ ಪೊಲೀಸರು ಅಂಗಡಿಗೆ ಬಂದರು. ಅವರು ಎರಡನೇ ಸಲ ಬರುವಷ್ಟರಲ್ಲಿ ಅತ್ತೆ ಕತ್ತರಿಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಊರು ಬಿಟ್ಟಾಗಿತ್ತು.

ದೂರು ಕೊಟ್ಟ ಆ ಹೆಂಗಸಿನ ಮೇಲೂ ಅವರಿಗೆ ಸಿಟ್ಟಿರಲಿಲ್ಲ. "ಅವಳ ನೆತ್ತಿ ಮೇಲೆ ಎರಡು ಸುಳಿ ಇದೆ ಕಣೇ. ಈಗ ಯಾರು ಸರಿಯಾಗಿ ಕತ್ತರಿಸ್ತಾರೋ, ಪಾಪ," ಎನ್ನುತ್ತಿದ್ದರು.

ಸೆರ್ಬಿಯಾಕ್ಕೆ ಬರಲು ನಮಗೆ ವೀಸಾ ಬೇಡ, ಆದರೆ ಒಂದು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ವಾಸದ ಪರವಾನಗಿ ಸಿಗುವವರೆಗೆ ತಿಂಗಳಿಗೊಮ್ಮೆ ವ್ಯಾನಿನಲ್ಲಿ ದ್ರಿನಾ ನದಿ ದಾಟಿ ಬೋಸ್ನಿಯಾಕ್ಕೆ ಹೋಗಬೇಕು, ಸೇತುವೆಯ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯಬೇಕು, ಪಾಸ್‌ಪೋರ್ಟಿಗೆ ಹೊಸ ಮುದ್ರೆ ಒತ್ತಿಸಿಕೊಂಡು ವಾಪಸಾಗಬೇಕು. ಅತ್ತೆ ಜೊತೆಗಿದ್ದರೆ ಆ ಪ್ರಯಾಣದ ಅಂಜಿಕೆ ಗೊತ್ತಾಗುತ್ತಿರಲಿಲ್ಲ. ಎಲೆಕೋಸು ತುಂಬಿದ ಪಿರೊಜ್ಕಿ ಹಂಚುತ್ತ ಒಬ್ಬೊಬ್ಬರ ತಲೆಯನ್ನೂ ತಿರುಗಿಸಿ ನೋಡಿ ಬೈಯುತ್ತಿದ್ದರು. ಬ್ಯಾಂಡಿನಲ್ಲಿ ಟ್ಯೂಬಾ ಊದುವ ಅರ್ಸೇನಿಗೆ ತಲೆ ಪೂರ್ತಿ ಬೋಳು. "ನಿನ್ನಂಥೋರು ನಾಲ್ಕು ಜನ ಇದ್ರೆ ನಾನು ಉಪವಾಸ ಕಣೋ," ಎಂದು ಅವನಿಗೆ ಮಾತ್ರ ಎರಡು ಪಿರೊಜ್ಕಿ ಕೊಡುತ್ತಿದ್ದರು.

ಒಂದು ನವೆಂಬರಿನಲ್ಲಿ ಹೀಗೆ ಹಿಂದಿರುಗುವಾಗ ಗಡಿಯ ಅಧಿಕಾರಿ ಅರ್ಸೇನಿಯ ಪಾಸ್‌ಪೋರ್ಟನ್ನು ಹಿಂದುಮುಂದು ಮಗುಚಿ ನೋಡಿದ. "ನೀನು ಪ್ರವಾಸಿ ಅಲ್ಲಪ್ಪ, ಇಲ್ಲೇ ಮನೆ ಮಾಡ್ಕೊಂಡಿದ್ದೀಯ. ಇವತ್ತು ಒಳಗೆ ಬಿಡೋಕಾಗಲ್ಲ."

ಅರ್ಸೇನಿಯ ಮುಖ ಬಿಳಿಚಿಕೊಂಡಿತು. ಬೆಲ್‌ಗ್ರೇಡಿನಲ್ಲಿ ಅವನ ಹೆಂಡತಿ ತುಂಬು ಬಸುರಿ. ಅವಳಿಗೆ ಕೆಲಸದ ಪರವಾನಗಿ ಇತ್ತು. ಗಂಡನೆಂದು ಅವನಿಗೂ ಪರವಾನಗಿ ಸಿಗುತ್ತಿತ್ತು, ಆದರೆ ಇವತ್ತು ನಾಳೆ ಎಂದು ಅರ್ಜಿಯನ್ನೇ ಹಾಕಿರಲಿಲ್ಲ. ವ್ಯಾನಿನಿಂದ ಇಳಿದವನು ರಸ್ತೆಯಲ್ಲೇ ಅಳತೊಡಗಿದ.

ಅತ್ತೆ ತಮ್ಮ ಚೀಲ ಎತ್ತಿಕೊಂಡು ಇಳಿದೇಬಿಟ್ಟರು.

"ಅತ್ತೆ, ನಿಮಗೆ ಮುದ್ರೆ ಬಿದ್ದಾಯ್ತಲ್ಲ, ನೀವ್ಯಾಕೆ?" ಎಂದೆ.

"ನನಗಾಗಿ ಅಲ್ಲಿ ಯಾರು ಕಾಯ್ತಿದ್ದಾರೆ ಹೇಳು? ಈ ಮಹಾರಾಯನ್ನ ಒಬ್ಬನ್ನೇ ಬಿಟ್ರೆ ಹೊಳೆಗೆ ಹಾರಿ ಈಜ್ತೀನಿ ಅಂತಾನೆ. ಹೋಗು, ಇವನ ಹೆಂಡ್ತಿ ಹತ್ರ ಕೂತ್ಕೊ. ವಕೀಲರನ್ನ ಹುಡುಕು."

ಇಬ್ಬರೂ ಸೇತುವೆ ದಾಟಿ ಮತ್ತೆ ಅದೇ ಹೋಟೆಲಿಗೆ ಹೋದರು. ಅದರ ಒಡತಿ ಸ್ತೋಯಾಂಕಾ ಮೇಲಿನ ಕೋಣೆ ಅರ್ಸೇನಿಗೆ ಕೊಟ್ಟು, ಅತ್ತೆಗೆ ತನ್ನ ಕೋಣೆಯಲ್ಲೇ ಹಾಸಿಗೆ ಹಾಕಿದಳು. ಸ್ತೋಯಾಂಕಾ ಅಡುಗೆಮನೆಯ ಕತ್ತರಿಯಿಂದ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುವವಳು. ಮಾರನೇ ದಿನ ಅತ್ತೆಗೆ ತಡೆಯಲಾಗಲಿಲ್ಲ, ಹಿಡಿದು ಕೂರಿಸಿದರು. ಹಣೆಯ ಮೇಲಿನ ಕೂದಲು ತೋರಿಸಿ ಅವಳು "ಪ್ರಾವೊ" ಎಂದಳು. ಅಲ್ಲಿಯವರ ಮಾತಿನಲ್ಲಿ ಅದು 'ನೇರವಾಗಿ' ಎಂದು, ನಮ್ಮ ರಷ್ಯನ್ ಕಿವಿಗೆ 'ಬಲಕ್ಕೆ' ಎಂದು. ಅತ್ತೆ ಬಲಕ್ಕೆ ಓರೆಯಾಗಿ ಕತ್ತರಿಸಿದರು. ಕನ್ನಡಿ ನೋಡಿದ ಸ್ತೋಯಾಂಕಾ ಕ್ಷಣ ಬೆಚ್ಚಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಓರೆ ಅವಳ ಮುಖಕ್ಕೆ ಒಪ್ಪಿತ್ತು. ಸಂಜೆಯೊಳಗೆ ಓಣಿಯ ಹೆಂಗಸರು ಬಂದು "ನಮಗೂ ಹಾಗೇ ಸೊಟ್ಟಗೆ ಮಾಡು" ಎಂದು ಸಾಲಾಗಿ ಕೂತರು.

ನಾನು ಹುಡುಕಿದ ವಕೀಲರು ಅರ್ಸೇನಿಯ ಕೆಲಸ ಮುಗಿಸಿಕೊಟ್ಟರು. ಅವನು ವಾಪಸಾದ ಮೇಲೆಯೇ ಮಗಳು ಹುಟ್ಟಿದಳು. ಅತ್ತೆಯೂ ಅವನೊಂದಿಗೆ ಬರುತ್ತಾರೆ ಎಂದುಕೊಂಡಿದ್ದೆವು. ಫೋನಿನಲ್ಲಿ, "ಶನಿವಾರ ಇಲ್ಲೊಂದು ಮದುವೆ ಇದೆ, ಮದುಮಗಳ ತಲೆ ನನ್ನ ಕೈಲಿದೆ, ಮುಂದಿನ ವಾರ ನೋಡೋಣ," ಎಂದರು. ಮುಂದಿನ ವಾರ ಇನ್ನೇನೋ. ಕೊನೆಗೆ ಸ್ತೋಯಾಂಕಾ ಹೋಟೆಲಿನ ಒಂದು ಮೂಲೆ ಬಿಟ್ಟುಕೊಟ್ಟು, ಅತ್ತೆಯನ್ನು ತನ್ನ ಕೆಲಸದವರೆಂದು ಬರೆಸಿ, ಬೋಸ್ನಿಯಾದ ವಾಸದ ಪರವಾನಗಿಯನ್ನೂ ಕೊಡಿಸಿದಳು.

ಕಳೆದ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಇಬ್ಬರೂ ಮುದುಕಿಯರು ಟೊಮೆಟೊ ಹೆಚ್ಚುತ್ತ, ತಮ್ಮ ತಮ್ಮ ಭಾಷೆಯಲ್ಲಿ ಉಪ್ಪಿನ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದರು.

"ಅತ್ತೆ, ಪೆರ್ಮ್ ನೆನಪಾಗಲ್ವಾ?" ಎಂದೆ.

ಚಾಕು ನಿಂತಿತು. "ದಿನಾ ಆಗುತ್ತೆ. ಬೆಳಿಗ್ಗೆ ಎದ್ದಾಗ ಟ್ರಾಮಿನ ಸದ್ದು ಕೇಳಿದ ಹಾಗಾಗುತ್ತೆ," ಎಂದರು. ಕಣ್ಣೊರೆಸಿಕೊಂಡರು. ಸ್ತೋಯಾಂಕಾ ಅವರ ಮುಂದಿನ ತಟ್ಟೆ ತನ್ನತ್ತ ಎಳೆದುಕೊಂಡು ಉಳಿದ ಟೊಮೆಟೊ ಹೆಚ್ಚತೊಡಗಿದಳು.

ಅತ್ತೆ ನನ್ನ ಜಡೆ ಕೈಯಲ್ಲಿ ಹಿಡಿದು ನೋಡಿದರು. "ಇದೇನೇ ಇದು, ಪೊರಕೆ ಥರ! ಬಾ, ಬೆಳಕಿರೋ ಕಡೆ ಕೂತ್ಕೊ."