ಬಾಣಂತಿಯ ಉತ್ತತ್ತಿ

ನಮ್ಮ ಮನೆಯಲ್ಲಿ ಓಟ್ಸ್ ಯಾರಿಗೂ ಬೇಕಿರಲಿಲ್ಲ. ಡಾಕ್ಟರು ಹೇಳಿದರೆಂದು ನಮ್ಮವರು ಎರಡು ಪಾಕೀಟು ತಂದು, ಒಂದೇ ದಿನ ಗಂಜಿ ಮಾಡಿಸಿಕೊಂಡು, "ಪೋಸ್ಟರ್ ಹಚ್ಚೋ ಅಂಟಿನ ಸರಿ ಇದ್ದಂಗ ಐತಿ" ಎಂದು ತಾಟು ಸರಿಸಿದ್ದರು. ಅದನ್ನು ಕುಕೀಸ್ ಮಾಡಿ ಮುಗಿಸೋಣ ಅಂದುಕೊಂಡೆ. ಖರೆ ಹೇಳಬೇಕೆಂದರೆ, ನಾನು ಕಲಿಸುವ ಕುರ್ತಕೋಟಿಯ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಮನೆಯಲ್ಲೇ ಮಾಡಿದ ಕೇಕ್ ತಂದು ಎಲ್ಲರಿಂದ ಹೊಗಳಿಸಿಕೊಂಡಿದ್ದರು. ನನಗೂ ಆ ಹೊಗಳಿಕೆ ಬೇಕಾಗಿತ್ತು.

ರವಿವಾರ ಮಧ್ಯಾಹ್ನ ಅತ್ತೆ ಮಲಗಿದ್ದರು. ಓಟ್ಸ್ ಹುರಿದು, ಬೆಣ್ಣೆ, ಬೆಲ್ಲದ ಪುಡಿ ಕಲಸಿದೆ. ರುಚಿ ನೋಡಿದರೆ ಸಪ್ಪೆ. ಮೇಲಿನ ಹಲಗೆಯಲ್ಲಿ ಅತ್ತೆಯ ಸ್ಟೀಲ್ ಡಬ್ಬಿ ಇತ್ತು. ಹೆರಿಗೆಗೆ ಬಂದಿದ್ದ ನಾದಿನಿಗೆ ಬಾಣಂತನದ ಅಂಟಿನುಂಡಿ ಕಟ್ಟಲೆಂದು ಅತ್ತೆ ಮುಳಗುಂದದ ತಮ್ಮ ತಮ್ಮನ ಮನೆಗೆ ಹೋದಾಗ ಆರಿಸಿ ತಂದ ಉತ್ತತ್ತಿ, ಗೋಡಂಬಿ, ಒಣದ್ರಾಕ್ಷಿ ಅದರಲ್ಲಿದ್ದವು. ದಿನ ತುಂಬಲು ಇನ್ನೂ ಎರಡು ವಾರ. ನಾಳೆ ತಂದು ತುಂಬಿಸಿದರಾತು ಎಂದು ಉತ್ತತ್ತಿ ಹೆಚ್ಚಿ ಹಾಲಿನಲ್ಲಿ ನೆನೆಸಿದೆ. ಮೊದಲ ತಟ್ಟೆಯವು ತಳ ಹತ್ತಿ ಕಹಿಯಾದವು. ಮತ್ತೆ ಡಬ್ಬಿಗೆ ಕೈ ಹಾಕಿದೆ. ಎರಡನೆಯ ಸಲ ಹೊಂಬಣ್ಣ ಬಂತು.

ಸೋಮವಾರ ಶಾಲೆಯಲ್ಲಿ ಹತ್ತು ನಿಮಿಷಕ್ಕೆ ಎಲ್ಲ ಖಾಲಿ. ಎಲ್ಲರೂ ಬಾಯಿ ತುಂಬ ಹೊಗಳಿದರು. ಅಷ್ಟರಲ್ಲಿ ಫೋನು ಬಂತು: ನಾದಿನಿಗೆ ಹೆರಿಗೆ ಬ್ಯಾನಿ ಶುರುವಾಗಿದೆ. ಶಾಲೆಯಿಂದ ನೇರ ಆಸ್ಪತ್ರೆಗೆ ಓಡಿದೆ. ಸಂಜೆಗೆ ಹೆಣ್ಣು ಕೂಸು. ಪೇಟೆಯ ನೆನಪೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಆ ಡಬ್ಬಿ ಇಳಿಸಿದರು.

"ಇಷ್ಟ ಐತಲ್ಲ! ನಾ ಡಬ್ಬಿ ತುಂಬ ತಂದಿದ್ನೆಲ್ಲ?"

ನಾನೇ ತೆಗೆದೆ ಎನ್ನಬೇಕಿತ್ತು. ಆದರೆ ಹೊರಗೆ ಬಂದದ್ದು, "ಗೊತ್ತಿಲ್ರಿ ಅತ್ತಿ."

ಅವರು ಡಬ್ಬಿಯನ್ನೇ ನೋಡುತ್ತ ನಿಂತರು. "ತಂದೇನಿ ಅಂತ ತಿಳ್ಕೊಂಡಿದ್ದೆ ಕಾಣ್ತೈತಿ. ನನಗೂ ನಮ್ಮ ಅಕ್ಕನ ಹಂಗ ಆಗಾಕತ್ತೇತೋ ಏನೋ."

ಅವರ ಅಕ್ಕ ಕಡೆಯ ವರ್ಷಗಳಲ್ಲಿ ಹೆತ್ತ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಮಗುಚಿ ಹಾಕಿದೆ.

ಸಂಜೆ ಎಲ್ಲವನ್ನೂ ಎರಡು ಪಟ್ಟು ತಂದುಕೊಟ್ಟೆ. "ನೀ ಶ್ಯಾಣ್ಯಾಕಿ, ನೆನಪಿಟ್ಟು ತಂದಿ" ಎಂದು ಬೆನ್ನು ಸವರಿದರು. ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತು ನಾನು ತಲೆ ಎತ್ತಲಿಲ್ಲ.

ಆಮೇಲೆ ಅತ್ತೆ ಬದಲಾದರು. ಗ್ಯಾಸ್ ಆರಿಸಿ ಮತ್ತೆ ಬಂದು ನೋಡುವರು. "ಇವತ್ತು ಯಾವ ವಾರ?" ಎಂದು ಕೇಳಿ, ಉತ್ತರವನ್ನು ಬಾಯಲ್ಲೇ ಹೇಳಿಕೊಳ್ಳುವರು. ತಿಜೋರಿಯ ಕೀಲಿ ತಂದು, "ನೀನ ಇಟ್ಕೊ, ನಾ ಎಲ್ಲೆರೆ ಇಟ್ಟು ಮರ್ತೇನು" ಎಂದು ಕೈಯಲ್ಲಿಟ್ಟರು. ದಿನಾ ಇವತ್ತು ಹೇಳಬೇಕು ಅಂದುಕೊಳ್ಳುವೆ. ನಾದಿನಿ ಇದ್ದಾಳೆ, ನಮ್ಮವರು ಇದ್ದಾರೆ ಎಂದು ನೆಪ ಹುಡುಕುವೆ.

ಎಂಟನೆಯ ದಿನ ಅವರು ಮಗನಿಗೆ, "ಹುಬ್ಬಳ್ಳಿಯೊಳಗ ತಲಿ ಡಾಕ್ಟರ್ ಅದಾರಂತಲ್ಲ, ಒಮ್ಮೆ ತೋರ್ಸಪಾ" ಎಂದಾಗ ನನಗೆ ತಡೆಯಲಾಗಲಿಲ್ಲ. ಅತ್ತೆಯನ್ನು ಅಡುಗೆಮನೆಗೆ ಕರೆದು ಹೇಳಿಬಿಟ್ಟೆ. ಉತ್ತತ್ತಿ, ಕುಕೀಸ್, ಶಾಲೆ, ಎಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಉತ್ತತ್ತಿ ಹೋದ್ರ ಹೋಗ್ಲಿ. ಕೇಳಿದ್ರ ನಾನ ಕೊಡ್ತಿದ್ದೆ," ಎಂದರು. "ಎಂಟು ದಿನಾ ನಾ ಅಂಜಿ ಸತ್ತೆ. ನೀ ನೋಡ್ಕೋಂತ ಇದ್ದಿ."

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕೂಸಿಗೆ ಎರೆಯಲು ನೀರು ಕಾಸೆಂದು ತಾವೇ ಕರೆದರು. ಮನೆ ಮೊದಲಿನಂತಾಯಿತು ಎಂದೇ ಹೇಳಬೇಕು. ಆದರೆ ಮೊನ್ನೆ ಚಷ್ಮಾ ಸಿಗದೆ ಮನೆಯೆಲ್ಲ ಹುಡುಕಿ, ಕಡೆಗೆ ತಲೆದಿಂಬಿನ ಕೆಳಗೆ ಸಿಕ್ಕಾಗ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇದನ್ನ ನಾನ ಇಟ್ಟು ಮರ್ತಿದ್ದು ಹೌದಲ್ಲ?"

"ಹೌದ್ರಿ ಅತ್ತಿ," ಅಂದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.