ಸಾಲ್ಮನ್ ಬೇಯುವಾಗ

ಒದ್ದೆ ಟವೆಲನ್ನು ಕಾಲ್ಬೆರಳಿನಿಂದ ಬಾಗಿಲ ಸಂದಿಗೆ ತುರುಕುವಾಗ ಆಂಟಿಯ ದಪ್ಪ ಬಿಳಿ ಹುಬ್ಬುಗಳೆರಡೂ ಒಂದಾಗುತ್ತಿದ್ದವು. ಕಿಟಕಿ ಮೊದಲೇ ಮುಚ್ಚಿರುತ್ತಿತ್ತು. ಆಮೇಲೇ ಸಾಲ್ಮನ್ ಮೀನು ಬಾಣಲೆಗೆ ಬೀಳುತ್ತಿದ್ದುದು.

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನಮ್ಮ ಎದುರಿನ ಫ್ಲ್ಯಾಟ್ ಅವರದು. ಜಪಾನಿನವರು, ಗಂಡ ಇಲ್ಲ, ಮಗ ಬೇರೆ ಇದ್ದಾನೆ ಎಂದಷ್ಟೇ ಗೊತ್ತಿತ್ತು. ಮೀನು ತಿನ್ನದ ನನಗೆ ವಾಸನೆ ಬರಬಾರದೆಂದು ಇಷ್ಟು ಕಷ್ಟಪಡುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಹೋಳಿಗೆ ಕೊಡಲು ಹೋದಾಗ ಹೊಗೆಯಲ್ಲಿ ನಿಂತು ಕೆಮ್ಮುತ್ತಿದ್ದರು.

“ನನಗೋಸ್ಕರ ಕಿಟಕಿ ಮುಚ್ಚಬೇಡಿ ಆಂಟಿ. ನನಗೆ ಅಭ್ಯಾಸ ಆಗಿದೆ.”

“ನಿನಗೋಸ್ಕರಾನಾ?” ಎಂದು ನಕ್ಕರು. “ನೀನೇನು ಪೊಲೀಸಾ?”

ಅವರು ಐನು ಜನಾಂಗದವರೆಂದು ತಿಳಿದದ್ದು ಅಂದು. ಜಪಾನಿನ ಉತ್ತರದ ದ್ವೀಪ ಅವರ ನೆಲ. ಜಪಾನೀಯರು ಬಂದು ನೆಲೆಸಿದರು, ಕಾಡು ಕಡಿದು ಹೊಲ ಮಾಡಿದರು. ಹೊಳೆಯ ಸಾಲ್ಮನ್ ಹಿಡಿಯುವುದು ಐನುಗಳಿಗೆ ಅಪರಾಧವಾಯಿತು.

“ನಾವು ಕರಡಿಗೆ, ಗೂಬೆಗೆ ಬಿಟ್ಟು ಮಿಕ್ಕದ್ದು ತಿಂತಿದ್ವಿ.”

“ಗೂಬೆಗಾ?”

“ಮುಖ ಸಿಂಡರಿಸಬೇಡ. ಊರು ಕಾಯೋ ದೇವರು ಅದು.”

ಅವರು ಚಿಕ್ಕವರಿದ್ದಾಗ, ಅವರಜ್ಜ ಕದ್ದು ಹಿಡಿದು ತಂದ ಮೀನನ್ನು ಮನೆಯಲ್ಲಿ ಕಿಟಕಿ ಮುಚ್ಚಿಯೇ ಬೇಯಿಸುತ್ತಿದ್ದರಂತೆ. ಒಂದು ಸಂಜೆ ವಾಸನೆ ಹೊರಗೆ ಹೋಯಿತು. ಪೊಲೀಸರು ಬಂದು ಅಜ್ಜನನ್ನು ಕರೆದೊಯ್ದರು.

“ಕಿಟಕಿ ತೆಗೆದದ್ದು ನಾನು. ಸೆಕೆ ಅಂತ,” ಎಂದರು. ಬಾಣಲೆಯ ಮೀನನ್ನು ಮಗುಚಿ ಹಾಕುತ್ತ, “ಅಜ್ಜ ವಾಪಸ್ ಬಂದ. ಆದರೆ ಹೊಳೆ ಕಡೆ ಹೋಗಲಿಲ್ಲ. ಮನೆಯವರು ನಮ್ಮ ಭಾಷೆ ಆಡೋದನ್ನೂ ನಿಲ್ಲಿಸಿಬಿಟ್ಟರು, ಹೊರಗೆ ಕೇಳಿಸೀತು ಅಂತ.”

“ಮಗನಿಗೆ ಗೊತ್ತಾ?”

“ಇಲ್ಲ. ನೀನೂ ಹೇಳಬೇಡ. ಮಾತು ಕೊಡು. ಅವನಾದರೂ ಹಗುರವಾಗಿರಲಿ.”

ಕೊಟ್ಟೆ.

ಶ್ವಾಸಕೋಶ ಸೋತಿದೆ, ಅಡುಗೆ ಮಾಡುವಾಗ ಕಿಟಕಿ ತೆರೆದಿಡಿ ಎಂದು ಡಾಕ್ಟರು ಆಂಟಿಯನ್ನು ಎಚ್ಚರಿಸಿದರು. ನಾನು ಹೋಗಿ ಗೇಣಷ್ಟು ತೆರೆಯುತ್ತಿದ್ದೆ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳವಾದರೆ ಸಾಕು, ಓಡಿಬಂದು ಮುಚ್ಚುತ್ತಿದ್ದರು.

“ಇದು ಲಂಡನ್, ಆಂಟಿ. ಅಂಗಡಿಯಿಂದ ತಂದ ಮೀನು. ಯಾರೂ ಬರಲ್ಲ.”

“ನನಗೆ ಗೊತ್ತು. ಈ ಕೈಗೆ ಗೊತ್ತಿಲ್ಲ.”

ಅಪ್ಪ ಅಮ್ಮನನ್ನು ಬಿಟ್ಟುಬಂದ ನನ್ನನ್ನು ಈ ಊರಿನಲ್ಲಿ ‘ಊಟ ಆಯ್ತಾ’ ಎಂದು ದಿನವೂ ಕೇಳಿದವರು ಅವರೊಬ್ಬರೇ. ಅವರಿಗೊಂದು ಕಿಟಕಿಯನ್ನು ತೆರೆದಿಡಲು ನನ್ನಿಂದ ಆಗಲಿಲ್ಲ. ಕಳೆದ ಚಳಿಗಾಲ ಉಸಿರು ಕಟ್ಟಿಯೇ ಹೋದರು.

ಮನೆ ಖಾಲಿ ಮಾಡುವ ದಿನ ಮಗ ಅಡುಗೆಮನೆಯ ಗೋಡೆಯ ಮಸಿ ನೋಡುತ್ತ ನಿಂತಿದ್ದ.

“ಎಷ್ಟು ಹೇಳಿದರೂ ಕಿಟಕಿ ತೆಗೀತಿರಲಿಲ್ಲ. ಅಮ್ಮನಿಗೆ ಚಳಿ ಜಾಸ್ತಿ ಅಲ್ವಾ?”

“ಹೌದು, ತುಂಬಾ ಚಳಿ,” ಎಂದೆ.

ಕೊಟ್ಟ ಮಾತು ಉಳಿಯಿತು. ಆ ಅಜ್ಜನನ್ನೂ ಆ ಹೊಳೆಯನ್ನೂ ಬಲ್ಲವಳು ಈ ಊರಿನಲ್ಲಿ ಈಗ ನಾನೊಬ್ಬಳೇ. ಆ ನೆನಪುಗಳು ನನ್ನವಲ್ಲ, ಕೊಡಬೇಕಾದವನಿಗೆ ಕೊಡುವಂತೆಯೂ ಇಲ್ಲ.