ಮುಚ್ಚಿಡದ ಗಾಯ

ನಿಜಾಮರ ಕಾಲದಲ್ಲಿ ನಾನು ಮಿಷನ್ ದವಾಖಾನೆಯ ನರ್ಸಾಗಿ ಜೇವರ್ಗಿ ಸುತ್ತಲ ಹಳ್ಳಿಗಳಿಗೆ ಚಕ್ಕಡಿಯಲ್ಲಿ ಓಡಾಡುತ್ತಿದ್ದೆ. ಒಮ್ಮೆ ನೆಲೋಗಿಯಲ್ಲಿ ಭೀಮವ್ವ ಎಂಬ ಹೆಂಗಸು ಸುಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದು ಕೂತಳು. ಗಾಯ ಕೀವಾಗಿ ವಾಸನೆ ಬರುತ್ತಿತ್ತು. ಹಾಗೇ ಬಿಟ್ಟರೆ ಕೈಯೇ ಹೋಗುವಂತಿತ್ತು. ಆದರೆ ಎಷ್ಟು ಕೇಳಿದರೂ ತೋರಿಸಲೊಲ್ಲಳು.

“ಬ್ಯಾಡ್ರಿ ಬಾಯಾರ, ನೋಡಿದ್ರ ಹೇಸ್ತೀರಿ.”

ಅಷ್ಟರಲ್ಲಿ ನನ್ನ ಔಷಧಿ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ್ದ, ಅಂಗೈ ತೋರಿಸಿ ನಗುತ್ತ ನಿಂತ ಏಸುವಿನ ಚಿತ್ರ ಅವಳ ಕಣ್ಣಿಗೆ ಬಿತ್ತು. “ಇವ್ರ ಅಂಗೈಯಾಗ ತೂತು ಯಾಕ್ರಿ?”

“ಮೊಳಿ ಹೊಡದು ಕೊಂದಿದ್ರು. ಮೂರನೇ ದಿನ ಎದ್ದು ಬಂದ್ರು.”

“ಸತ್ತು ಎದ್ದು ಬಂದವ್ರಿಗೆ ಗಾಯ ಮಾಯಿಸ್ಕೊಳ್ಳಾಕ ಬರಲಿಲ್ಲೇನ್ರಿ?”

ನನಗೆ ನಗು ಬಂತು. “ಬರ್ತಿತ್ತವ್ವಾ. ಬೇಕಂತಲೇ ಉಳಿಸ್ಕೊಂಡ್ರು. ನಮ್ಮ ಮ್ಯಾಲಿನ ಪ್ರೀತಿಗೆ ಆದ ಗಾಯ, ಮುಚ್ಚೋದ್ಯಾಕ ಅಂತ ಗೆಳೆಯರಿಗೆಲ್ಲ ತೋರಿಸಿದ್ರು.”

ಅವಳು ಸೆರಗು ಸರಿಸಿದಳು. “ನಂದೂ ಒಲಿಯಾಗ ಬೀಳ್ತಿದ್ದ ಕೂಸಿನ್ನ ಎಳಿಯಾಕ ಹೋಗಿ ಆಗಿದ್ದು,” ಎಂದು ಮೆಲ್ಲಗೆ ಕೈ ಹೊರಗೆ ಚಾಚಿದಳು.

ನಾನು ಔಷಧಿ ಹಚ್ಚಿದ್ದೇ ತಡ, ಊರೆಲ್ಲ ಕೇಳುವಂತೆ ಚೀರಿದಳು. “ಅವ್ರಿಗೆ ನೀವು ಇದನ್ನ ಹಚ್ಚಿಲ್ಲ ಬಿಡ್ರಿ, ಅದಕ್ಕ ಹಂಗ ನಗ್ತಾ ನಿಂತಾರ!”

ಕೈ ಉಳಿಯಿತು.